ಬೆಟ್ಟದ ಹಾದಿಗೂ ಹೆದ್ದಾರಿಗೂ ಒಂದೇ ಗಾಡಿ

ನಮ್ಮ ಸಂಘದ ಈ ಸಾಲಿನ ಮಹಾಸಭೆಯಲ್ಲಿ ಮಾನ್ಯ ಸದಸ್ಯರೊಬ್ಬರು ಎದ್ದು ನಿಂತು, “ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಗೆಂದು ಕೊಟ್ಟ ಜೀಪುಗಾಡಿಯು ಹುಣಿಸೆಯ ಮರದ ಕೆಳಗೆ ಸುಮ್ಮನೆ ನಿಂತಿರುವಾಗ, ಕಾಡಂಚಿನ ದೊಡ್ಡಿಗಳ ಮಕ್ಕಳು ಇನ್ನೂ ಕಾಲ್ನಡಿಗೆಯಲ್ಲಿ ಬರುತ್ತಿರುವುದೇಕೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅಂದು ಸಮಯಾಭಾವದಿಂದ ಎರಡು ಮಾತುಗಳಲ್ಲಿ ಉತ್ತರಿಸಿ ಕುಳಿತೆವು. ಆ ಉತ್ತರದಿಂದ ಅವರಿಗೂ ತೃಪ್ತಿಯಾಗಲಿಲ್ಲ, ನಮಗೂ ಆಗಲಿಲ್ಲ. ಆದಕಾರಣ ಆ ಗಾಡಿಯನ್ನು ಹೇಗೆ ಕಟ್ಟಲಾಯಿತು, ಅದು ಯಾವ ಹಾದಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತೇವೆ. ನಾವು ಯಂತ್ರಶಾಸ್ತ್ರಜ್ಞರಲ್ಲ, ಆದರೆ ಆ ಗಾಡಿಯಲ್ಲಿ ಕೊಯಮತ್ತೂರಿನಿಂದ ತಾಳವಾಡಿಯವರೆಗೆ ಕುಳಿತು ಬಂದವರು.

ಗಾಡಿ ಕಟ್ಟಿದ ಹುಡುಗನು ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಕೈಗಾರಿಕಾ ತರಬೇತಿ ಪಡೆದು, ಈಗ ಕೊಯಮತ್ತೂರಿನ ಒಂದು ಮೋಟಾರು ಕಾರ್ಖಾನೆಯಲ್ಲಿದ್ದಾನೆ. ಆ ಊರಿನ ಮಹಿಮೆಯೇ ಅಂಥದು. 1932ರಲ್ಲಿ ಪೈಕಾರದ ಜಲವಿದ್ಯುತ್ತು ಆರಂಭವಾದ ಮೇಲೆ ಅಲ್ಲಿ ಹತ್ತಿಯ ಗಿರಣಿಗಳು ಸಾಲಾಗಿ ಎದ್ದವು. ಗಿರಣಿಯ ಯಂತ್ರಗಳನ್ನು ದುರಸ್ತಿ ಮಾಡಲು ಲೇತುಗಳೂ ಎರಕದ ಮನೆಗಳೂ ಬೇಕಾದವು. ಆ ಲೇತುಗಳಿಂದ ಪಂಪು, ಮೋಟಾರು ಮೊದಲಾದ ಎಷ್ಟೋ ಸಾಮಗ್ರಿಗಳು ಹುಟ್ಟಿದವು. ಅಲ್ಲಿನ ಜಿ. ಡಿ. ನಾಯ್ಡು ಅವರು ಯೌವನದಲ್ಲಿ ಒಂದು ಮೋಟಾರು ಸೈಕಲನ್ನು ಕೊಂಡು, ಭಾಗ ಭಾಗವಾಗಿ ಬಿಚ್ಚಿ, ಮತ್ತೆ ಜೋಡಿಸಿ ಯಂತ್ರವಿದ್ಯೆಯನ್ನು ಸ್ವತಃ ಕಲಿತವರು. 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದೇ ಒಂದು ಬಸ್ಸನ್ನು ಓಡಿಸತೊಡಗಿ, ಮುಂದೆ ದೊಡ್ಡ ಸಾರಿಗೆ ಸಂಸ್ಥೆಯನ್ನೇ ಕಟ್ಟಿದರು. ಅವರಿಗೆ ಶಾಲೆಯ ಓದು ಹೆಚ್ಚು ಹತ್ತಲಿಲ್ಲವೆಂಬ ಸಂಗತಿಯನ್ನು ನಾವು ತರಗತಿಯಲ್ಲಿ ಒತ್ತಿ ಹೇಳುವುದಿಲ್ಲ.

ನಮ್ಮ ಹುಡುಗನು ವಾಲ್ಪಾರೈಯ ಚಹಾ ತೋಟವೊಂದರಲ್ಲಿ ದುಡಿದು ಹಳೆಯದಾಗಿದ್ದ ಜೀಪನ್ನು ಅಗ್ಗಕ್ಕೆ ಕೊಂಡು, ಎರಡು ವರ್ಷ ಭಾನುವಾರಗಳಂದು ಅದರ ಮೇಲೆ ಕೆಲಸ ಮಾಡಿದನು. ಹಿಂಬದಿಯ ತಗಡನ್ನು ಕತ್ತರಿಸಿ ಚಿಕ್ಕ ಲಾರಿಯಂತೆ ತೊಟ್ಟಿ ಕೂರಿಸಿದನು. ಅದರೊಳಗೆ ಮಕ್ಕಳಿಗೆಂದು ಎರಡು ಬೆಂಚುಗಳು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಾಗುವ ನಮ್ಮ ದೊಡ್ಡಿಯ ಹಾದಿಯನ್ನು ಅವನು ಬಾಲ್ಯದಲ್ಲಿ ಬರಿಗಾಲಲ್ಲಿ ತುಳಿದವನು. ಆ ಹಾದಿಯನ್ನು ಗೆಲ್ಲಬೇಕೆಂಬುದೊಂದೇ ಅವನ ಸಂಕಲ್ಪವಾಗಿತ್ತು.

ಜೀಪೆಂಬುದು ಯುದ್ಧಕಾಲದ ಶಿಶು. 1941ರಿಂದ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಇಂಥ ಆರು ಲಕ್ಷಕ್ಕೂ ಮಿಕ್ಕಿ ಗಾಡಿಗಳನ್ನು ತಯಾರಿಸಿದವು. 1947ರಿಂದ ಮುಂಬಯಿಯಲ್ಲಿ ಮಹೀಂದ್ರರವರು ಜೋಡಿಸತೊಡಗಿದರು. ಎಂಜಿನ್ನಿನ ಶಕ್ತಿ 60 ಅಶ್ವಶಕ್ತಿ ಮಾತ್ರ. ಇಂದಿನ ಸಾಮಾನ್ಯ ಕಾರಿಗೂ ಅದಕ್ಕಿಂತ ಹೆಚ್ಚಿರುತ್ತದೆ. ಹಾಗಿದ್ದೂ ಅದು ಗುಡ್ಡ ಹತ್ತುವುದು ಗೇರುಗಳ ಗುಣಾಕಾರದಿಂದ. ಯುದ್ಧಕಾಲದ ಜೀಪಿನ ಮೊದಲನೆಯ ಗೇರು ಎಂಜಿನ್ನಿನ ಸುತ್ತನ್ನು 2.67ರಿಂದ ಭಾಗಿಸುತ್ತದೆ, ಅಚ್ಚಿನ ಬಳಿಯ ಹಲ್ಲುಚಕ್ರ 4.88ರಿಂದ. ಇವಲ್ಲದೆ ನಾಲ್ಕೂ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಪೆಟ್ಟಿಗೆಯಲ್ಲಿ ಇನ್ನೊಂದು ಚಿಕ್ಕ ಗೇರುಂಟು, ಅದು 1.97ರಿಂದ. ಮೂರನ್ನೂ ಗುಣಿಸಿದರೆ ಸುಮಾರು 26. ಅಂದರೆ ಎಂಜಿನ್ನು 26 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ವೇಗವು ಎಷ್ಟು ಪಾಲು ಇಳಿಯಿತೋ ತಿರುಚುವ ಬಲವು ಸರಿಸುಮಾರು ಅಷ್ಟೇ ಪಾಲು ಏರಿತು. ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೆ ಗಾಡಿಯ ವೇಗ ಗಂಟೆಗೆ 5 ಕಿ.ಮೀ.: ಮಕ್ಕಳು ನಡೆದು ಶಾಲೆಗೆ ಬರುವ ವೇಗವೇ. ಹಳೆಯ ವಿದ್ಯಾರ್ಥಿಯ ಜೀಪಿನ ಅಂಕಿಗಳು ಸ್ವಲ್ಪ ಬೇರೆ, ತತ್ತ್ವ ಒಂದೇ.

ಇನ್ನು ಅಚ್ಚಿನ ಮಧ್ಯದಲ್ಲಿರುವ ಡಿಫರೆನ್ಷಿಯಲ್ಲಿನ ವಿಚಾರ. ಶಾಲೆಯ ಡ್ರಿಲ್ಲಿನಲ್ಲಿ ಸಾಲು ತಿರುಗುವಾಗ ಒಳಗಿನ ಹುಡುಗ ಚಿಕ್ಕ ಹೆಜ್ಜೆಯನ್ನೂ ಹೊರಗಿನವನು ದೊಡ್ಡ ಹೆಜ್ಜೆಯನ್ನೂ ಇಡಬೇಕಲ್ಲವೆ? ತಿರುವಿನಲ್ಲಿ ಎರಡು ಚಕ್ರಗಳಿಗೂ ಅದೇ ಅಗತ್ಯ. ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಈ ಹಲ್ಲುಚಕ್ರಗಳ ಕೂಟ ಅವಕಾಶ ಕೊಡುತ್ತದೆ. ಆದರೆ ಇದರಲ್ಲೊಂದು ದೋಷವಿದೆ. ಒಂದು ಚಕ್ರ ಕೆಸರಿನಲ್ಲಿ ಸಿಕ್ಕಿ ಹಿಡಿತ ತಪ್ಪಿದರೆ, ಅದು ಸುಮ್ಮನೆ ಗಿರಕಿ ಹೊಡೆಯುತ್ತದೆ. ಗಟ್ಟಿ ನೆಲದ ಮೇಲಿನ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆತು ಗಾಡಿ ನಿಂತೇ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಬೇಕೆಂದಾಗ ಎರಡು ಚಕ್ರಗಳನ್ನೂ ಒಂದಾಗಿ ಬಂಧಿಸಿ, ಬೇಡವಾದಾಗ ಬಿಡಿಸುವ ಬೀಗಗಳುಂಟು. ಅವು ದುಬಾರಿ. ನಮ್ಮ ಹುಡುಗನು ಬಡವರ ಉಪಾಯವನ್ನು ಹಿಡಿದನು. ಹಿಂದಿನ ಅಚ್ಚಿನ ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ಹಲ್ಲುಚಕ್ರಗಳನ್ನು ಬೆಸುಗೆ ಹಾಕಿ ಒಂದು ಮಾಡಿಬಿಟ್ಟನು. ಈ ಬೀಗಕ್ಕೆ ಬೀಗದ ಕೈ ಇಲ್ಲ.

ಬಳಿಕ ಗಾಡಿಯನ್ನು ಎತ್ತರಿಸಿದನು. ಸ್ಪ್ರಿಂಗ್ ಪ್ಲೇಟುಗಳನ್ನು ಬದಲಿಸಿ ಎರಡೂವರೆ ಅಂಗುಲ. 28 ಅಂಗುಲದ ಟೈರಿನ ಬದಲಿಗೆ 31 ಅಂಗುಲದ ದಪ್ಪ ಹಲ್ಲಿನ ಟೈರು ಹಾಕಿದ್ದರಿಂದ ಇನ್ನೂ ಒಂದೂವರೆ. ಒಟ್ಟು ನಾಲ್ಕು ಅಂಗುಲ. ಇಲ್ಲಿ ಒಂದು ಸೂಕ್ಷ್ಮವಿದೆ. ಕಲ್ಲಿಗೆ ಮೊದಲು ತಾಗುವುದು ಅಚ್ಚಿನ ಹೊಟ್ಟೆ. ಸ್ಪ್ರಿಂಗುಗಳನ್ನು ಎಷ್ಟು ಏರಿಸಿದರೂ ಅಚ್ಚು ಒಂದು ಕೂದಲೆಳೆಯಷ್ಟೂ ಮೇಲೇಳದು. ಅದನ್ನು ಎತ್ತುವುದು ಟೈರು ಮಾತ್ರ. ಸ್ಪ್ರಿಂಗು ಎತ್ತುವುದು ಮೈಯನ್ನು, ಅದರೊಂದಿಗೆ ಭಾರಕೇಂದ್ರವನ್ನು. ಚಕ್ರಗಳ ನಡುವೆ 52 ಅಂಗುಲವಿದ್ದು ಭಾರಕೇಂದ್ರವು ನೆಲದಿಂದ 26 ಅಂಗುಲದಲ್ಲಿದ್ದರೆ, ಲೆಕ್ಕದಲ್ಲಿ ಗಾಡಿ 45 ಡಿಗ್ರಿ ಓರೆಯಾಗುವವರೆಗೆ ಮಗುಚದು. ಅದೇ ಭಾರಕೇಂದ್ರ 30 ಅಂಗುಲಕ್ಕೇರಿದರೆ 41 ಡಿಗ್ರಿಗೇ ಮಗುಚುತ್ತದೆ. ತೊಟ್ಟಿಯಲ್ಲಿ ಹತ್ತು ಮಕ್ಕಳು ಕುಳಿತರೆ, ಅವರು ಕೂರುವ ಎತ್ತರದಿಂದಾಗಿ ಆ ಅಂಕಿ ಇನ್ನೂ ಇಳಿಯುತ್ತದೆ. ಹಾಗೆ ಕುಳಿತ ಮಕ್ಕಳು ಸುಮ್ಮನಿರುವುದಿಲ್ಲವೆಂಬುದು ನಮ್ಮ ಇಪ್ಪತ್ತು ವರ್ಷಗಳ ಅನುಭವ.

ಆಷಾಢದಲ್ಲಿ ಒಂದು ದಿನ ಗಾಡಿಯನ್ನು ತರಲು ನಾವೇ ಹೋದೆವು. ಕೊಯಮತ್ತೂರಿನಿಂದ ಅನ್ನೂರು, ಪುಳಿಯಂಪಟ್ಟಿಗಳ ಮೇಲೆ ಸತ್ಯಮಂಗಲಕ್ಕೆ ಬಯಲು ಹೆದ್ದಾರಿ. ಮುಂದೆ ಬಣ್ಣಾರಿಯಿಂದ ದಿಂಬಂವರೆಗೆ 27 ಕಡಿದಾದ ತಿರುವುಗಳ ಘಟ್ಟ. ಆಮೇಲೆ ಹಾಸನೂರಿನ ಕಾಡು, ಕೊನೆಯಲ್ಲಿ ನಮ್ಮ ಮಣ್ಣಿನ ಹಾದಿ. ಒಂದೇ ದಿನದಲ್ಲಿ ಮೂರು ಪರೀಕ್ಷೆಗಳು.

ಹೆದ್ದಾರಿಯಲ್ಲಿ ವೇಗಸೂಚಿಯ ಮುಳ್ಳು 60ರಲ್ಲಿತ್ತು. ಆದರೆ ಟೈರು ದೊಡ್ಡದಾದುದರಿಂದ ಪ್ರತಿ ಸುತ್ತಿಗೂ ಗಾಡಿ ಹತ್ತನೆಯ ಒಂದಂಶ ಹೆಚ್ಚು ಸಾಗುತ್ತದೆ; ನಿಜವಾದ ವೇಗ 66. ಬ್ರೇಕು ಹಳೆಯದೇ ಆಗಿರುವಾಗ, ಅದೇ ಕಾರಣದಿಂದ ಕಾಲೊತ್ತಿದಷ್ಟಕ್ಕೆ ದೊರೆಯುವ ತಡೆಯೂ ಹತ್ತರಲ್ಲೊಂದು ಪಾಲು ಕಡಿಮೆ. ಪಾಲಕ್ಕಾಡಿನ ಬಳಿ ಪಶ್ಚಿಮ ಘಟ್ಟಗಳ ಸಾಲು ಸುಮಾರು 30 ಕಿ.ಮೀ. ಅಗಲ ಬಾಯ್ದೆರೆದಿರುವುದನ್ನು ಭೂಗೋಳದಲ್ಲಿ ಓದಿದ್ದೀರಿ. ಮುಂಗಾರಿನ ಗಾಳಿ ಆ ಬಾಗಿಲಿನಿಂದ ನುಗ್ಗಿ ಕೊಯಮತ್ತೂರಿನ ಬಯಲನ್ನೆಲ್ಲ ಬಡಿಯುತ್ತದೆ. ಪಲ್ಲಡಂ, ಉಡುಮಲೈಪೇಟೆಗಳಲ್ಲಿ ಗಾಳಿಯಂತ್ರಗಳು ನೆರೆದಿರುವುದೂ ಅದಕ್ಕಾಗಿಯೇ. ನಾವು ಉತ್ತರಕ್ಕೆ ಹೋಗುತ್ತಿದ್ದೆವು, ಗಾಳಿ ಎಡಮಗ್ಗುಲಿನಿಂದ. ಎತ್ತರದ ಗಾಡಿ ಪ್ರತಿ ಬೀಸಿಗೂ ಒಂದು ಗೇಣು ಬಲಕ್ಕೆ ಸರಿಯುತ್ತಿತ್ತು, ಹುಡುಗನ ಕೈಗಳು ಸ್ಟಿಯರಿಂಗಿನ ಮೇಲೆ ಒಮ್ಮೆಯೂ ವಿಶ್ರಮಿಸಲಿಲ್ಲ. “ನಾಲ್ಕೂ ಚಕ್ರಗಳ ಗೇರನ್ನು ಹಾಕಿದರೆ ಹಿಡಿತ ಹೆಚ್ಚಾಗದೇನಪ್ಪಾ?” ಎಂದು ಕೇಳಿದೆವು. “ಡಾಂಬರಿನ ಮೇಲೆ ಅದನ್ನ ಹಾಕಬಾರದು, ಮೇಷ್ಟ್ರೇ” ಎಂದನು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಸಮದೂರ ಸಾಗುವುದಿಲ್ಲ. ಕೆಸರಿನಲ್ಲಿ ಟೈರು ಜಾರಿ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲಾಗದೆ, ತಿರುಚು ಶಾಫ್ಟುಗಳಲ್ಲಿ ತುಂಬಿ ಏನಾದರೊಂದು ಮುರಿಯುತ್ತದೆ.

ಘಟ್ಟದಲ್ಲಿ ಬೆಸುಗೆಯ ಫಲ ಕಂಡಿತು. ಮೊದಲನೆಯ ತಿರುವಿನಲ್ಲಿಯೇ ಹಿಂದಿನ ಟೈರುಗಳು ಕಿರುಚಿದವು. ಹೊರಗಿನ ಚಕ್ರವೂ ಒಳಗಿನ ಚಕ್ರವೂ ಒಂದೇ ವೇಗದಲ್ಲಿ ಸುತ್ತುವುದರಿಂದ ಎರಡೂ ಸೇರಿ ಗಾಡಿಯನ್ನು ನೇರಕ್ಕೆ ನೂಕುತ್ತಿದ್ದವು. “ತಿರುಗೋದಿಲ್ಲ ಅಂತಲ್ಲ ಮೇಷ್ಟ್ರೇ, ಸ್ವಲ್ಪ ಹಟ ಮಾಡ್ತದೆ” ಎಂದು ನಕ್ಕನು. ಮೇಲೇರಿದಂತೆ ಸಣ್ಣ ಮಳೆ ಹಿಡಿಯಿತು. ಮಧ್ಯದ ಒಂದು ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದ್ದರೂ ಮುಂದಿನ ಚಕ್ರಗಳು ಜಾರಿ, ಗಾಡಿ ರಸ್ತೆಯ ಆಚೆಯ ಅಂಚಿಗೆ ನಡೆಯಿತು. ಎದುರಿನಿಂದ ಪ್ರಯಾಣಿಕರ ಬಸ್ಸೊಂದು ಇಳಿಯುತ್ತಿತ್ತು. ಅದರ ಚಾಲಕನು ಅನುಭವಿ. ಹತ್ತಡಿ ದೂರದಲ್ಲಿಯೇ ನಿಲ್ಲಿಸಿದನು. ಆಮೇಲೆ ದಿಂಬಂವರೆಗೆ ನಮ್ಮಿಬ್ಬರಲ್ಲಿ ಯಾರೂ ಮಾತನಾಡಲಿಲ್ಲ.

ಮೂರನೆಯ ಪರೀಕ್ಷೆಯಲ್ಲಿ ಆ ಗಾಡಿಗೆ ಪ್ರಥಮ ದರ್ಜೆ. ಡಾಂಬರು ಮುಗಿದಲ್ಲಿ ಇಳಿದು, ಟೈರುಗಳ ಗಾಳಿಯನ್ನು 28 ಪೌಂಡಿನಿಂದ 18ಕ್ಕೆ ಇಳಿಸಿದನು. ಗಾಳಿ ಕಡಿಮೆಯಾದ ಟೈರು ಅಗಲವಾಗಿ ನೆಲಕ್ಕೊರಗಿ, ಭಾರವನ್ನು ಹೆಚ್ಚು ಜಾಗದ ಮೇಲೆ ಹರಡಿ, ಕೆಸರಿನಲ್ಲಿ ಹೂಳದೆ ಸಾಗುತ್ತದೆ. ಹೆದ್ದಾರಿಗೆ ಮರಳುವ ಮುನ್ನ ಮತ್ತೆ ತುಂಬಲೇಬೇಕು. ಇಲ್ಲವಾದರೆ ವೇಗದಲ್ಲಿ ಟೈರಿನ ಮಗ್ಗುಲು ಮಡಿಚಿ ಮಡಿಚಿ ಕಾದು ಸಿಡಿಯುತ್ತದೆ. ಚಿಕ್ಕ ಗೇರಿನಲ್ಲಿ ಗಾಡಿ ಆನೆಯ ನಡಿಗೆಯಿಂದ ಹಳ್ಳವನ್ನು ದಾಟಿತು. ಟ್ರಾಕ್ಟರೂ ಸಿಕ್ಕಿಬೀಳುವ ಜಾಗದಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡಿಯ ಮಕ್ಕಳು ಕೂಗುತ್ತ ಹಿಂದೆ ಓಡಿಬಂದರು. ಅವರಲ್ಲಿ ಕಿರಿಯಳಾದ ಮೂರನೆಯ ತರಗತಿಯ ಹುಡುಗಿಯು, “ನಾಳೆಯಿಂದ ಇದರಲ್ಲೇ ಬರೋದಾ ಮೇಷ್ಟ್ರೇ?” ಎಂದು ಕೇಳಿದಳು.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಶಾಲಾ ವಾಹನಗಳಿಗಂತೂ ತಮಿಳುನಾಡಿನಲ್ಲಿ 2012ರ ವಿಶೇಷ ನಿಯಮಗಳೇ ಉಂಟು. ನಮ್ಮ ಸುತ್ತಲಿನ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರ ನಿರ್ಬಂಧವೂ ಜಾರಿಗೆ ಬಂದಿತು. ಕಾನೂನು ಅಡ್ಡ ಬಂತೆಂದು ಮಾತ್ರ ನಾವು ಗಾಡಿಯನ್ನು ನಿಲ್ಲಿಸಿದೆವೆಂದು ಸದಸ್ಯರು ತಿಳಿಯಬಾರದು. ಕಾನೂನು ಇಲ್ಲದಿದ್ದರೂ ಆ ತಿರುವನ್ನು ಕಂಡ ಮೇಲೆ ನಿಲ್ಲಿಸುತ್ತಿದ್ದೆವು. ಆದರೆ ಕಾಡಾನೆಯ ಹಾದಿಯಲ್ಲಿ ನಡೆದು ಬರುವುದೂ ಅಪಾಯವೇ. ಎರಡು ಅಪಾಯಗಳಲ್ಲಿ ಯಾವುದು ದೊಡ್ಡದೆಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆ ಹುಡುಗಿಗೆ ಇಲ್ಲವೆಂದು ಹೇಳಿದ ದಿನ ನಮಗೆ ನಿದ್ರೆ ಬರಲಿಲ್ಲವೆಂಬುದನ್ನೂ ಮರೆಮಾಚುವುದಿಲ್ಲ.

ಹುಡುಗನು ಬೇಸರಪಟ್ಟುಕೊಂಡನು, ಆದರೆ ವಾದಿಸಲಿಲ್ಲ. ಮಹಾಸಭೆಯಾದ ಮರುವಾರವೇ ಬಂದು, ಜೀಪನ್ನು ತಾನು ಓಡಿಸದೆ ಬೇರೊಂದು ಲಾರಿಯ ಮೇಲೆ ಹೇರಿಸಿ ಕೊಯಮತ್ತೂರಿಗೆ ಒಯ್ದಿದ್ದಾನೆ. ಬೆಸುಗೆಯ ಹಲ್ಲುಚಕ್ರಗಳನ್ನು ತೆಗೆದು ಮೂಲದವುಗಳನ್ನು ಕೂರಿಸುವುದು, 28 ಅಂಗುಲದ ಟೈರನ್ನೂ ಹಳೆಯ ಸ್ಪ್ರಿಂಗುಗಳನ್ನೂ ಹಾಕುವುದು, ಬಳಿಕ ಸಾರಿಗೆ ಕಚೇರಿಯ ತಪಾಸಣೆಗೆ ಒಪ್ಪಿಸುವುದು ಎಂದು ನಿಶ್ಚಯವಾಗಿದೆ. ಹಾಗಾದ ಮೇಲೂ ಅದು ಮಕ್ಕಳ ನಿತ್ಯದ ಗಾಡಿಯಾಗದು; ದೊಡ್ಡಿಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಆಸ್ಪತ್ರೆಗೆ ಒಯ್ಯಲು ಸಿದ್ಧವಿರುತ್ತದೆ. ಮಕ್ಕಳಿಗಾಗಿ ಡಾಂಬರು ಮುಗಿಯುವವರೆಗೆ ಪರವಾನಗಿಯುಳ್ಳ ಒಂದು ವ್ಯಾನನ್ನು ಗೊತ್ತುಮಾಡಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಅದರ ಬಾಡಿಗೆಗೆ ನಿಧಿ ಇನ್ನೂ ಕೂಡಬೇಕಾಗಿದೆ. ಅಲ್ಲಿಂದಾಚೆ ಮಕ್ಕಳು ನಡೆಯಲೇಬೇಕು. ಬಿಸಿಲೇರಿದ ಮೇಲೆ ಹಿರಿಯರೊಬ್ಬರ ಜೊತೆಯಲ್ಲಿ ಅವರು ಹೊರಡುವುದರಿಂದ, ಆ ಮಕ್ಕಳಿಗೆ ಮೊದಲನೆಯ ಪಾಠವನ್ನು ಸಂಜೆ ಹೇಳಿಕೊಡಲು ಏರ್ಪಾಡು ಮಾಡಿದ್ದೇವೆ.

ಕಳೆದ ವಾರ ಹುಡುಗನು ದೂರವಾಣಿಯಲ್ಲಿ ಮಾತನಾಡಿದನು. ಹಲ್ಲುಚಕ್ರಗಳು ದೊರೆತವಂತೆ. ಕತ್ತರಿಸಿದ ಹಿಂಬದಿಯ ತಗಡಿಗೆ ಸರಿಹೊಂದುವ ಇನ್ನೊಂದು ಮಾತ್ರ ಇನ್ನೂ ಸಿಕ್ಕಿಲ್ಲವಂತೆ, ಹುಡುಕುತ್ತಿದ್ದಾನೆ.