ಹಲ್ಲಿಗೆ ಮೂರನೆಯ ಜನ್ಮವಿಲ್ಲ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪ್ರಾಯದಲ್ಲಿ ಹಲ್ಲು, ಮುಪ್ಪಿನಲ್ಲಿ ಬೊಚ್ಚುಬಾಯಿ. ಇದು ಪ್ರಕೃತಿಯ ನಿಯಮವೆಂದೇ ನಾವು ನಂಬಿ ಬಂದಿದ್ದೇವೆ. ವಾಸ್ತವವಾಗಿ ಮುಪ್ಪಿನಲ್ಲಿ ಉದುರುವ ಹಲ್ಲುಗಳಲ್ಲಿ ಬಹುಪಾಲು ವಯಸ್ಸಿನಿಂದ ಉದುರುವುದಿಲ್ಲ. ವರ್ಷಾನುವರ್ಷ ಬೆಳೆದ ಅಲಕ್ಷ್ಯದಿಂದ ಉದುರುತ್ತವೆ.

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರುಂಟು. ಎರಡು ಬಾರಿ ಹುಟ್ಟುವುದರಿಂದ ಅದು ಅನ್ವರ್ಥವೂ ಹೌದು. ಮೊದಲು 20 ಹಾಲುಹಲ್ಲುಗಳು, ಅನಂತರ ಬಾಳಿನುದ್ದಕ್ಕೂ ಇರಬೇಕಾದ 32 ಹಲ್ಲುಗಳು. ಅಲ್ಲಿಗೆ ಮುಗಿಯಿತು. ಹಲ್ಲಿನ ಕವಚವಾದ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಮುರಿದ ಮೂಳೆ ಕೂಡಿಕೊಳ್ಳುವಂತೆ ಒಡೆದ ಎನಾಮಲ್ ಕೂಡಿಕೊಳ್ಳಲಾರದು, ಅದರಲ್ಲಿ ಜೀವಕೋಶಗಳಿಲ್ಲ.

ಕಣ್ಣಿಗೆ ಕಾಣದ ಶತ್ರು

ಬೆಳಗ್ಗೆ ಎದ್ದೊಡನೆ ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿದರೆ ಲೋಳೆಯಂತಹ ಪೊರೆಯೊಂದು ತಗಲುತ್ತದೆ. 1683ರಲ್ಲಿ ಹಾಲೆಂಡಿನ ಬಟ್ಟೆಯ ವ್ಯಾಪಾರಿ ಲೀವೆನ್‌ಹಾಕ್ ತನ್ನ ಹಲ್ಲುಗಳ ಸಂದಿಯಿಂದ ಇದನ್ನೇ ತೆಗೆದು, ತಾನೇ ನಿರ್ಮಿಸಿದ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಅಲ್ಲಿ ಕೋಟಲೆಗೊಂಡಂತೆ ಓಡಾಡುತ್ತಿದ್ದ ಸಣ್ಣ ಜೀವಿಗಳನ್ನು ಕಂಡು ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ.

ಈ ಜೀವಾಣುಗಳು ನಾವು ತಿಂದ ಸಕ್ಕರೆ ಬೆಲ್ಲಗಳನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಹಲ್ಲನ್ನು ಕೊರೆಯುವುದು ಈ ಆಮ್ಲವೇ ಹೊರತು ಯಾವ ಹುಳುವೂ ಅಲ್ಲ. ಜೊಲ್ಲು ಆಮ್ಲವನ್ನು ತೊಳೆಯುತ್ತದೆ. ಅದಕ್ಕೆ ಕಾಲಾವಕಾಶ ಬೇಕು. ಆದಕಾರಣ ಊಟದೊಡನೆ ತಿಂದ ಹೋಳಿಗೆಗಿಂತ ಗಳಿಗೆಗೊಮ್ಮೆ ಚಪ್ಪರಿಸುವ ಪೆಪ್ಪರಮೆಂಟು, ಮೇಲಿಂದ ಮೇಲೆ ಕುಡಿಯುವ ಸಿಹಿಕಾಫಿ ಹೆಚ್ಚು ಕೇಡು. ನಿದ್ರೆಯಲ್ಲಿ ಜೊಲ್ಲು ಕಡಮೆಯಾಗುವುದರಿಂದ, ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು ಬೆಳಗಿನದಕ್ಕಿಂತಲೂ ಮುಖ್ಯ.

ವಸಡು ಕೊಡುವ ಎಚ್ಚರಿಕೆ

ಅದೇ ಪೊರೆ ವಸಡಿನ ಅಂಚಿನಲ್ಲಿ ನಿಂತರೆ ವಸಡು ಕೆಂಪಾಗಿ ಊದಿಕೊಂಡು, ಉಜ್ಜುವಾಗ ರಕ್ತ ಕಾಣಿಸುತ್ತದೆ. ರಕ್ತ ಕಂಡೊಡನೆ ಹೆದರಿ ಆ ಭಾಗವನ್ನು ಉಜ್ಜುವುದನ್ನೇ ಬಿಡುವವರು ಅನೇಕರು. ಇದರಿಂದ ರೋಗ ಬಲಿಯುತ್ತದೆ. ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮಾತನ್ನು ಸ್ಪಷ್ಟಪಡಿಸಿತು. ಆರೋಗ್ಯವಾದ ವಸಡುಗಳಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡುಗಳೂ ಉರಿಯೂತಕ್ಕೆ ಈಡಾದವು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾದವು.

ಅಲಕ್ಷಿಸಿದರೆ ಪೊರೆ ಗಾರೆಯಂತೆ ಗಟ್ಟಿಯಾಗುತ್ತದೆ. ಆಗ ಬ್ರಷ್ಷಿಗೆ ಅದು ಬಗ್ಗದು, ದಂತವೈದ್ಯರೇ ತೆಗೆಯಬೇಕು. ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಗಾರೆಯ ಮರೆಯಲ್ಲಿ ಹಲ್ಲನ್ನು ಹಿಡಿದ ಮೂಳೆ ನೋವಿಲ್ಲದೆಯೇ ಸವೆಯುತ್ತದೆ. ಸವೆದದ್ದು ತಾನಾಗಿ ಮರಳುವುದಿಲ್ಲ. ಮಧುಮೇಹಿಗಳು ವಿಶೇಷ ಎಚ್ಚರ ವಹಿಸಬೇಕು. ಧೂಮಪಾನಿಗಳಲ್ಲಿ ರಕ್ತ ಕಡಮೆ ಕಾಣಿಸುವುದರಿಂದ ಈ ಎಚ್ಚರಿಕೆಯೂ ಅವರಿಗೆ ದೊರೆಯದೆ ಹೋಗಬಹುದು.

ಮನೆಯಲ್ಲಿ ಮಾಡಬೇಕಾದುದು

ಮೃದುವಾದ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ನಿಮಿಷ. ಬ್ರಷ್ಷಿನ ಎಳೆಗಳನ್ನು ವಸಡಿನ ಕಡೆಗೆ ಓರೆಯಾಗಿಟ್ಟು ಮೆಲ್ಲನೆ ಆಡಿಸಬೇಕು, ಪಾತ್ರೆಯಂತೆ ತಿಕ್ಕಬಾರದು. ಇದ್ದಲುಪುಡಿ, ಇಟ್ಟಿಗೆಪುಡಿಗಳು ಹಲ್ಲನ್ನೇ ಸವೆಸುತ್ತವೆ. ಸಂದಿಗಳಿಗೆ ಹಲ್ಲಿನ ದಾರ ಉಂಟು. ಪಿನ್ನು, ಬೆಂಕಿಕಡ್ಡಿಗಳನ್ನು ಚುಚ್ಚುವ ಅಭ್ಯಾಸ ಬೇಡ. ಎಳೆಗಳು ಬಾಗಿದ ಬ್ರಷ್ಷನ್ನು ಬದಲಾಯಿಸಬೇಕು.

ಮಕ್ಕಳ ವಿಷಯದಲ್ಲಿ ತಾಯಿತಂದೆಯರು ಒಂದನ್ನು ಮರೆಯಬಾರದು. ಆರನೆಯ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲೊಂದು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕಾದರೂ ಬೀಳುವುದು ತಾನೇ ಎಂದು ಸುಮ್ಮನಾಗುವುದುಂಟು. ಅದು ಶಾಶ್ವತವಾದ ಹಲ್ಲು. ಹೋದರೆ ಮರಳಿ ಬಾರದು. ಈ ರಾತ್ರಿಯೇ ಮಗುವನ್ನು ದೀಪದ ಬೆಳಕಿಗೆ ಕರೆದು ಬಾಯಿ ತೆರೆಯಿಸಿ ನೋಡಿರಿ.