ಹದಿಮೂರು ಅಡಿಯ ಮನೆ, ಮೂರು ತಿಂಗಳ ಮರಿ

ಟ್ರೇಲರ್ ಎಳೆದುಕೊಂಡು ನಾಯಿಮರಿಯ ಜೊತೆ ಪ್ರವಾಸ ಎಂದ ಕೂಡಲೇ ಕೇಳಿದವರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಕಾರಿನ ಹಿಂದೆ ಉರುಳುವ ಪುಟ್ಟ ಮನೆ, ಅದರ ಕಿಟಕಿಗೆ ಮೂಗೊತ್ತಿ ರಸ್ತೆ ನೋಡುವ ಮರಿ. ಹಾಗೆ ಕರೆದೊಯ್ಯುವಂತಿಲ್ಲ. ಓಡುವ ಟ್ರೇಲರಿನೊಳಗೆ ಜನ ಕೂರಬಾರದೆಂದು ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕಾನೂನೇ ಇದೆ. ನಾಯಿಯ ಮಾತು ಅದರಲ್ಲಿ ಇರಲಿ ಬಿಡಲಿ, ಅಪಾಯ ಇಬ್ಬರಿಗೂ ಒಂದೇ. ಒಳಗೆ ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ರಸ್ತೆಯ ಗುಂಡಿಗೆ ಗಾಲಿ ಬಿದ್ದರೆ ಕಪಾಟಿನ ಬಾಗಿಲು ತೆರೆದುಕೊಂಡು ಕುಕ್ಕರ್ ನೆಲಕ್ಕೆ ಬರುತ್ತದೆ. ಬಿಸಿಲೇರಿದರೆ ಒಳಗಿನ ಕಾವು ಮುಂದಿನ ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ನಮ್ಮ ಮರಿ ರಾಗಿ ಕೂರುವುದು ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಗೆ ಬಿಗಿದ ಕ್ರೇಟಿನೊಳಗೆ. ಹಿಂದೆ ಬರುವ ಮನೆ ಅವಳದಾಗುವುದು ನಿಂತ ಮೇಲೆ.

ನಾನು ತಿಪಟೂರು ಕಡೆಯವಳು. ಈಗ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ, ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಮಕ್ಕಳು ಓದು ಮುಗಿಸಿ ಹೊರಟ ಮೇಲೆ ನಮ್ಮನೆಯವರು ಒಂದು ಹಳೆಯ ಸ್ಕ್ಯಾಂಪ್ ಟ್ರೇಲರ್ ಕೊಂಡರು. ಫೈಬರ್‌ಗ್ಲಾಸಿನ ಮೇಲರ್ಧ, ಕೆಳಗರ್ಧ ಎರಡನ್ನೂ ಅಚ್ಚಿನಲ್ಲಿ ಎರಕ ಹೊಯ್ದು ನಡುವೆ ಬೆಸೆದಿರುತ್ತಾರೆ. ಉದ್ದ 13 ಅಡಿ, ಅದರಲ್ಲಿ ಕಾರಿಗೆ ಕೊಂಡಿಯಾಗುವ ಮೂತಿಯೂ ಸೇರಿತು. ಒಳಗೆ ರಾತ್ರಿ ಹಾಸಿಗೆಯಾಗುವ ಮೇಜು, ಎರಡು ಬರ್ನರಿನ ಒಲೆ, ಒಂದು ಸಿಂಕು, ಪ್ರೊಪೇನ್ ಗ್ಯಾಸಿನ ಹೀಟರು. ಮೂತಿಯನ್ನು ಕಾರಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕೂರಿಸಿ ಚಿಲಕ ಹಾಕಬೇಕು. ಅಕಸ್ಮಾತ್ ಅದು ಕಳಚಿದರೂ ಮೂತಿ ರಸ್ತೆಗೆ ಬಡಿಯದಂತೆ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಗಿ ಹಾಯಿಸಬೇಕು. ಇಷ್ಟಾದರೆ ಮನೆ ಹೊರಟ ಹಾಗೆಯೇ.

ರಾಗಿ ಬಂದದ್ದು ಆಮೇಲೆ. ಇಲ್ಲಿ ದಕ್ಷಿಣದ ರಾಜ್ಯಗಳ ಶೆಲ್ಟರುಗಳಲ್ಲಿ ಹೆಚ್ಚಾದ ಮರಿಗಳನ್ನು ವ್ಯಾನುಗಳಲ್ಲಿ ಉತ್ತರಕ್ಕೆ ತರುತ್ತಾರೆ. ಮ್ಯಾಸಚೂಸೆಟ್ಸಿಗೆ ಹೀಗೆ ಬಂದ ಮರಿಗಳನ್ನು 48 ಗಂಟೆ ಬೇರೆಯಾಗಿಟ್ಟು, ಪಶುವೈದ್ಯರು ನೋಡಿದ ಮೇಲಷ್ಟೇ ಕೊಡಬೇಕೆಂಬ ನಿಯಮವಿದೆ. ರಾಗಿ ಹಾಗೆ ಬಂದವಳು, ಹಿಟ್ಟಿನ ಬಣ್ಣದ ಮಿಶ್ರತಳಿ. ಅಮ್ಮನಿಗೆ ಫೋನಿನಲ್ಲಿ ತೋರಿಸಿ, ಬೇಸಿಗೆಗೆ ಇವಳನ್ನೂ ಕರ್ಕೊಂಡು ಮೇನ್ ರಾಜ್ಯದ ಕರಾವಳಿಗೆ ಹೋಗ್ತೀವಿ ಎಂದೆ. "ಮನೇಲಿ ನೆಟ್ಟಗೆ ಇರಕ್ಕಾಗಲ್ವೇನೆ ನಿಮ್ಗೆ? ಆ ಹಸುಗೂಸ್ನೂ ಕಟ್ಕಂಡು ಊರೂರು ಅಲೀತೀರಲ್ಲ!" ಎಂದಳು. ಅವಳು ಕೇಳಿದ್ದು ತೆಗೆದುಹಾಕುವ ಪ್ರಶ್ನೆಯಲ್ಲ. ಮರಿ ದೊಡ್ಡದಾದ ಮೇಲೆ ಹೋಗಬಾರದೇ?

ವಾರಗಳ ಲೆಕ್ಕ

ಉತ್ತರ ಸಿಕ್ಕಿದ್ದು ನಾವು ಹೋಗಬೇಕೆಂದಿದ್ದ ಊರಿನಲ್ಲೇ. ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಸಣ್ಣ ಪಟ್ಟಣದಲ್ಲಿ ಜಾಕ್ಸನ್ ಲ್ಯಾಬೊರೇಟರಿ ಇದೆ. ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಅದು ಇಲಿಗಳ ತಳಿಗಳಿಂದ ಪರಿಚಿತ ಹೆಸರು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅಲ್ಲಿ ಐದು ತಳಿಯ ನಾಯಿಗಳನ್ನು ಸಾಕಿ, ಮರಿಗಳು ಹೇಗೆ ಬೆಳೆಯುತ್ತವೆಂದು ವರ್ಷಗಟ್ಟಲೆ ನೋಡಿದರು. ಅವರ ಪುಸ್ತಕ ಬಂದದ್ದು 1965ರಲ್ಲಿ. ಅದಕ್ಕೂ ಮೊದಲು, 1961ರಲ್ಲಿ, ಅಲ್ಲಿಂದಲೇ ಒಂದು ಪ್ರಯೋಗದ ವರದಿ ಪ್ರಕಟವಾಗಿತ್ತು. ಎತ್ತರದ ಬೇಲಿಯ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಾರಗಳಲ್ಲಿ ಒಂದಷ್ಟನ್ನು ಒಳಗೆ ತಂದು ಮನುಷ್ಯರ ಜೊತೆ ಬಿಟ್ಟರು. ಬೇಗ ತಂದವು ಹೊಂದಿಕೊಂಡವು. ಹದಿನಾಲ್ಕು ವಾರದವರೆಗೆ ಮನುಷ್ಯರನ್ನೇ ಕಾಣದೆ ಬೆಳೆದವು ಆಮೇಲೆ ಎಷ್ಟು ಮುದ್ದಿಸಿದರೂ ಹೆದರಿ ದೂರವೇ ಉಳಿದವು.

ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಛತ್ರಿ, ಗಡ್ಡ, ಲಾರಿ, ಮಗುವಿನ ಅಳು, ಅಲೆಯ ಸದ್ದು, ಯಾವುದನ್ನು ಆಗ ನೆಮ್ಮದಿಯಾಗಿ ಕಂಡಿತೋ ಅದು ಮುಂದೆ ಮಾಮೂಲಾಗುತ್ತದೆ.

ತೊಡಕಿರುವುದು ಲಸಿಕೆಯಲ್ಲಿ. ಪಾರ್ವೊ ಎಂಬ ವೈರಸ್ಸು 1978ರಲ್ಲಿ ನಾಯಿಗಳಲ್ಲಿ ಕಾಣಿಸಿಕೊಂಡು ಲೋಕವೆಲ್ಲ ಹರಡಿತು. ವಾಂತಿ, ರಕ್ತಭೇದಿ, ಮರಿಗಳ ಪಾಲಿಗೆ ಎಷ್ಟೋ ಸಲ ಸಾವು. ರೋಗದ ನಾಯಿ ಕೊಳಕು ಮಾಡಿದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆಯನ್ನು ಒಂದೇ ಸಲ ಚುಚ್ಚಿ ಮುಗಿಸಲಾಗದು. ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆಯನ್ನೂ ಶತ್ರುವೆಂದೇ ಹೊಡೆದುಹಾಕುತ್ತವೆ. ಅವು ಯಾವಾಗ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಆರೆಂಟು ವಾರದಿಂದ ಶುರುಮಾಡಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಕೊಡುತ್ತಾರೆ. ಲಸಿಕೆ ಮುಗಿಯಲೆಂದು ಕಾದರೆ ಕಲಿಯುವ ಕಾಲ ಕಳೆಯುತ್ತದೆ. ಕಾಯದಿದ್ದರೆ ರೋಗದ ಭಯ.

ಪ್ರಾಣಿಗಳ ವರ್ತನೆ ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲಿ ಈ ಬಗ್ಗೆ ತನ್ನ ನಿಲುವು ಹೇಳಿತು: ಮೊದಲ ಲಸಿಕೆಯಾಗಿ ವಾರ ಕಳೆದ ಮರಿಯನ್ನು ಎಚ್ಚರಿಕೆಯಿಂದ ಹೊರಗೆ ತರಬಹುದು, ಮನೆಯೊಳಗೇ ಕೂಡಿಹಾಕಬಾರದು. ನಮ್ಮ ಪಶುವೈದ್ಯೆ ಅದನ್ನೇ ನಮ್ಮ ಪ್ರಯಾಣಕ್ಕೆ ಹೊಂದಿಸಿ ಕೊಟ್ಟರು. ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ 'ನಾಯಿಗಳಿಗೆ' ಎಂದು ಬೋರ್ಡು ಹಾಕಿದ ಹುಲ್ಲಿಗೆ ಇಳಿಸಬೇಡಿ. ಊರೂರಿನ ನಾಯಿ ಬಂದುಹೋಗುವ ಜಾಗ ಅದು. ಪೇಟೆಯಲ್ಲಿ ಎತ್ತಿಕೊಂಡೇ ಓಡಾಡಿ. ಗುರುತಿಲ್ಲದ ನಾಯಿಗಳ ಜೊತೆ ಮೂಗು ತಾಗಿಸಲು ಬಿಡಬೇಡಿ. ಕೊನೆಯದನ್ನು ಹೇಳುವಾಗ ಅವರೇ ನಕ್ಕರು: ಟ್ರೇಲರಿನೊಳಗೆ ಶೂ ಹಾಕಿಕೊಂಡು ಹೋಗಬೇಡಿ, ಅಟ್ಟೆಯಲ್ಲಿ ವೈರಸ್ಸು ಬರುತ್ತದೆ, ನಿಮ್ಮವರಿಗೆ ಇದು ಹೇಳಬೇಕಿಲ್ಲ ಅಲ್ಲವೇ?

ಅಂಗಳದಲ್ಲಿ ಮೊದಲ ಊರು

ಮೊದಲು ಟ್ರೇಲರನ್ನು ಮನೆ ಮುಂದೆಯೇ ನಿಲ್ಲಿಸಿ ಅಲ್ಲಿ ಮಲಗಿದೆವು. ಮರಿಗೆ ಟ್ರೇಲರಿನಲ್ಲಿ ವಿಚಿತ್ರವೆನಿಸುವುದು ಮೂರು: ನಡೆದರೆ ನೆಲ ತೂಗುತ್ತದೆ, ನಲ್ಲಿ ತಿರುಗಿಸಿದರೆ ಪಂಪು ಗುರ್ ಎನ್ನುತ್ತದೆ, ನಡುರಾತ್ರಿ ಹೀಟರು ಧುತ್ತೆಂದು ಹೊತ್ತಿಕೊಳ್ಳುತ್ತದೆ. ನಾಲ್ಕು ಮೂಲೆಗೂ ಜಾಕ್ ಕೊಟ್ಟರೆ ತೂಗಾಟ ಕಡಿಮೆಯಾಗುತ್ತದೆ. ಸದ್ದಿಗೆ ಮದ್ದು ಬೇಯಿಸಿದ ಕೋಳಿಯ ಚೂರು. ಹೀಟರು ಹೊತ್ತಿಕೊಂಡಾಗೆಲ್ಲ ಒಂದು ಚೂರು. ಆಮೇಲಾಮೇಲೆ ಹೀಟರಿನ ಸದ್ದಾದರೆ ರಾಗಿ ನನ್ನ ಕೈ ನೋಡತೊಡಗಿದಳು.

ಆಗಲೇ ನೆಲಕ್ಕೆ ಕೂತು, ಅವಳ ಎತ್ತರದಿಂದ ಒಳಗನ್ನೆಲ್ಲ ನೋಡಿದೆ. ಚಾರ್ಜರಿನ ವೈರು, ಮೇಜಿನ ಕೆಳಗಿನ ಪ್ಲಾಸ್ಟಿಕ್ ಕೊಳವೆ, ಎಲ್ಲ ಅವಳ ಹಲ್ಲಿಗೆ ಸಿಗುವಂತೆಯೇ ಇದ್ದವು. ಗ್ಯಾಸಿನ ಡಿಟೆಕ್ಟರೂ ಅಷ್ಟೇ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಡುತ್ತದೆ. ಅದಕ್ಕೇ ಅದರ ಡಿಟೆಕ್ಟರನ್ನು ಪಾದದ ಮಟ್ಟದಲ್ಲಿ ಕೂರಿಸಿರುತ್ತಾರೆ. ಸೋರಿದ ಗ್ಯಾಸು ಮೊದಲು ತಾಗುವುದು ನೆಲದಲ್ಲಿ ಮಲಗಿದ ಮರಿಗೆ ಎಂಬುದನ್ನು ನೆನಪಿಟ್ಟುಕೊಂಡು, ಆ ಪೆಟ್ಟಿಗೆಗೆ ಅಡ್ಡವಾಗಿ ಅವಳ ಹಾಸಿಗೆಯನ್ನಾಗಲಿ ನಮ್ಮ ಚೀಲವನ್ನಾಗಲಿ ಇಡಬಾರದೆಂದು ತೀರ್ಮಾನಿಸಿದೆವು.

ದಾರಿ

ವೂಸ್ಟರ್‌ನಿಂದ ಬಾರ್ ಹಾರ್ಬರ್ ಐನೂರು ಕಿಲೋಮೀಟರಿಗೆ ತುಸು ಕಡಿಮೆ. ನಾವಿಬ್ಬರೇ ಆದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇವೆ. ಮರಿಯ ಮೂತ್ರಕೋಶಕ್ಕೆ ಬೇರೆ ಗಣಿತವಿದೆ. ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಕೂಡಿಸಿದರೆ ಅದು ತಡೆಯಬಲ್ಲ ಗಂಟೆ ಎನ್ನುತ್ತಾರೆ. ಹಾಗೆ ನೋಡಿದರೆ ರಾಗಿಗೆ ನಾಲ್ಕು ಗಂಟೆ. ಅದು ನಿದ್ದೆಯ ಲೆಕ್ಕ, ಕಾರಿನಲ್ಲಿ ಎಚ್ಚರವಿದ್ದರೆ ಎರಡು ಗಂಟೆಯೇ ಹೆಚ್ಚು. ಮರಿಗಳಿಗೆ ಕಾರಿನಲ್ಲಿ ಹೊಟ್ಟೆ ತೊಳಸುವುದೂ ಹೆಚ್ಚು, ಹೊರಡುವ ಮೊದಲು ಕೆಲವು ಗಂಟೆ ಊಟ ಹಾಕಬಾರದು. ಹಾಗಾಗಿ ದಾರಿಯನ್ನು ಎರಡು ಮಾಡಿ, ನಡುವೆ ಕ್ಯಾಮ್ಡೆನ್ ಹಿಲ್ಸ್ ಸ್ಟೇಟ್ ಪಾರ್ಕಿನಲ್ಲಿ ತಂಗಿದೆವು. ಮನೆಯ ನೀರನ್ನೇ ಕ್ಯಾನಿನಲ್ಲಿ ಒಯ್ದಿದ್ದೆವು. ನೀರು ಬದಲಾದರೆ ಮರಿಯ ಹೊಟ್ಟೆ ಕೆಡುವುದುಂಟು.

ಕ್ಯಾಮ್ಡೆನ್‌ನಲ್ಲಿ ಟ್ರೇಲರಿನ ನಿಜವಾದ ಉಪಯೋಗ ಕಣ್ಣಿಗೆ ಬಿತ್ತು. ಹೋಟೆಲಾದರೆ ರಾತ್ರಿಗೊಂದು ವಾಸನೆ, ರಾತ್ರಿಗೊಂದು ಕಾರ್ಪೆಟ್ಟು. ಇಲ್ಲಿ ಬಾಗಿಲು ತೆಗೆದರೆ ಹೊರಗೆ ಸ್ಪ್ರೂಸ್ ಕಾಡು, ಗುರುತಿಲ್ಲದ ಗಾಳಿ. ಹಾಕಿದರೆ ವೂಸ್ಟರಿನ ಅಂಗಳದಲ್ಲಿ ಮಲಗಿದ ಅದೇ ಹಾಸಿಗೆ, ಅದೇ ಬಟ್ಟಲು, ಅದೇ ಒಗ್ಗರಣೆ ವಾಸನೆ. ರಾಗಿ ಹೊಸ್ತಿಲಲ್ಲಿ ಕೂತು ಕಾಡನ್ನು ಸಾಕಾಗುವಷ್ಟು ನೋಡಿ, ಸಾಕೆನಿಸಿದಾಗ ತಾನೇ ಒಳಗೆ ಬಂದು ಮಲಗಿದಳು. ಹೊಸದರ ಎದುರು ಮರಿಗೆ ಬೇಕಾದದ್ದು ಹಿಂತಿರುಗುವ ಅನುಕೂಲ. ಅದನ್ನು ಹದಿಮೂರು ಅಡಿಯ ಈ ಡಬ್ಬಿ ಪ್ರತಿ ಊರಿನಲ್ಲೂ ಒದಗಿಸಿತು.

ಒಗ್ಗರಣೆ ಎಂದೆನಲ್ಲ, ನಮ್ಮ ಅಡುಗೆಮನೆಗೆ ಒಂದು ಎಚ್ಚರಿಕೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಟ್ರೇಲರಿನಲ್ಲಿ ಒಲೆಗೂ ನಾಯಿಗೂ ನಡುವೆ ಒಂದು ಹೆಜ್ಜೆ, ಕೈಜಾರಿದ್ದೆಲ್ಲ ಅವಳದೇ. ಉಪ್ಪಿಟ್ಟಿಗೆ ಈರುಳ್ಳಿಯನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡು ಹೋದೆ, ಕೇಸರಿಬಾತಿಗೆ ದ್ರಾಕ್ಷಿ ಹಾಕುವುದನ್ನೇ ಬಿಟ್ಟೆ.

ಆರು ಅಡಿಯ ಹಗ್ಗ

ಅಮೆರಿಕದ ಬಹಳಷ್ಟು ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಗೆ ಕ್ಯಾಂಪ್‌ಗ್ರೌಂಡ್, ರಸ್ತೆ, ಪಾರ್ಕಿಂಗ್ ಜಾಗ ಬಿಟ್ಟರೆ ಪ್ರವೇಶವಿಲ್ಲ. ಯೆಲ್ಲೊಸ್ಟೋನ್‌ನಲ್ಲಿ ರಸ್ತೆಯಿಂದ ನೂರು ಅಡಿ ಆಚೆ ಕರೆದೊಯ್ಯುವಂತಿಲ್ಲ. ಅಲ್ಲಿನ ಕುದಿಯುವ ಬುಗ್ಗೆಗೆ ಹಾರಿದ ನಾಯಿಯನ್ನು ಉಳಿಸಲು ಹೋಗಿ 1981ರಲ್ಲಿ ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಬಾರ್ ಹಾರ್ಬರ್ ಪಕ್ಕದ ಅಕೇಡಿಯಾ ಉದ್ಯಾನ ಈ ವಿಷಯದಲ್ಲಿ ಉದಾರಿ. ಸುಮಾರು 100 ಮೈಲಿ ಕಾಲುದಾರಿಗಳಲ್ಲಿ, 45 ಮೈಲಿ ಗಾಡಿರಸ್ತೆಗಳಲ್ಲಿ ನಾಯಿ ಬರಬಹುದು. ಲೀಶ್ ಆರು ಅಡಿ ಮೀರಬಾರದು. ಆ ಗಾಡಿರಸ್ತೆಗಳನ್ನು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ 1913ರಿಂದ 1940ರವರೆಗೆ ಮಾಡಿಸಿದರು, ಮೋಟಾರು ವಾಹನ ಬರಕೂಡದೆಂದೇ. ಪುಡಿಗಲ್ಲಿನ ಮಟ್ಟಸ ದಾರಿ, ಸೈಕಲ್ಲು, ಕುದುರೆ. ಮರಿಗೆ ಲೋಕ ತೋರಿಸಲು ಇನ್ನೇನು ಬೇಕು? ಮುಕ್ಕಾಲು ದೂರ ನನ್ನ ಎದೆಗೆ ಕಟ್ಟಿದ ಜೋಳಿಗೆಯಲ್ಲೇ ನೋಡಿದಳು. ಎಳೆಯ ಕೀಲುಗಳಿಗೆ ದೂರದ ನಡಿಗೆ ಒಳ್ಳೆಯದಲ್ಲ.

ಕರಾವಳಿಯಲ್ಲಿ ಥಂಡರ್ ಹೋಲ್ ಎಂಬ ಬಂಡೆಯ ಕೊರಕಲು ಇದೆ. ಅಲೆ ಒಳನುಗ್ಗಿ ಗಾಳಿಯನ್ನು ಅದುಮಿದಾಗ ಗುಡುಗಿನ ಸದ್ದು ಹೊರಡುತ್ತದೆ. ನೇರ ಅಲ್ಲಿಗೆ ಒಯ್ಯದೆ, ಸದ್ದು ಕಿವಿಗೆ ಬಿದ್ದೂ ಬೀಳದಷ್ಟು ದೂರದಲ್ಲಿ ಕೂತೆವು. ಪ್ರತಿ ಗುಡುಗಿಗೂ ಒಂದು ಚೂರು ಕೋಳಿ. ಕಿವಿ ಸಡಿಲಾದರೆ ಹತ್ತು ಹೆಜ್ಜೆ ಮುಂದೆ, ಬಾಲ ಒಳಸೇರಿದರೆ ಹಿಂದೆ. ಬಂಡೆಯ ಅಂಚಿನವರೆಗೆ ಹೋಗಲೇ ಇಲ್ಲ, ಹೋಗುವ ಅಗತ್ಯವೂ ಇರಲಿಲ್ಲ.

ಸಂಜೆಯ ಕೆಲಸ ಉಣ್ಣೆ ಹುಡುಕುವುದು. ಲೈಮ್ ಕಾಯಿಲೆ ತರುವ ಜಿಂಕೆ ಉಣ್ಣೆ ಇಲ್ಲಿ ಹೇರಳ. ಮರಿಉಣ್ಣೆ ಗಸಗಸೆಯಷ್ಟೇ ಇರುತ್ತದೆ. ಔಷಧಿ ಕೊಟ್ಟಿದ್ದರೂ ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಕೈಯಾಡಿಸಬೇಕು. ಹೀಗೆ ಮುಟ್ಟಿಸಿಕೊಂಡು ಬೆಳೆದ ಮರಿ ಮುಂದೆ ವೈದ್ಯರ ಮೇಜಿನ ಮೇಲೂ ಸುಮ್ಮನೆ ನಿಲ್ಲುತ್ತದೆ.

ಕಳೆದುಕೊಳ್ಳುವುದೂ ಇದೆ. ಕ್ಯಾಂಪಿನಲ್ಲಿ ನಾಯಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಕಬ್ಬಿಣದ ಮೆಟ್ಟಿಲು ಹಿಡಿದು ಹತ್ತುವ ಬೀಹೈವ್ ಬೆಟ್ಟಕ್ಕೆ ನಾಯಿ ಬರುವಂತಿಲ್ಲ. ಒಂದು ಬೆಳಿಗ್ಗೆ ನಮ್ಮನೆಯವರು ಹತ್ತಿದರು, ಇನ್ನೊಂದು ಬೆಳಿಗ್ಗೆ ನಾನು. ಬೇಸಿಗೆಯಲ್ಲಿ ಸ್ಯಾಂಡ್ ಬೀಚಿಗೂ ಬಿಡುವುದಿಲ್ಲ. ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗುವ ಮಾತಂತೂ ದೂರ: ಹೊರಗೆ ಹಿತವಾದ 21 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಗೆ 40 ಡಿಗ್ರಿ ತಲುಪುತ್ತದೆ. ರಾತ್ರಿ ಹತ್ತರ ಮೇಲೆ ಕ್ಯಾಂಪಿನಲ್ಲಿ ಸದ್ದಾಗಬಾರದು, ಆದರೆ ಮರಿಗೆ ಹೊರಗೆ ಹೋಗಬೇಕೆನಿಸುವುದು ಆಗಲೇ. ಜೂನ್ ಕೊನೆಯಲ್ಲಿ ಅಲ್ಲಿ ಐದಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ, ರಾಗಿ ಅವನಿಗಿಂತ ಮೊದಲು.

ಇಷ್ಟು ಕೇಳಿ ಹೊರಡಬೇಕೆನಿಸಿದವರಿಗೆ ನನ್ನ ಮಾತು ಇಷ್ಟೇ: ನಕ್ಷೆ ಚಿಕ್ಕದಿರಲಿ, ತಂಗುವ ದಿನ ಹೆಚ್ಚಿರಲಿ. ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ಪೂಡಲ್ ನಾಯಿಯ ಜೊತೆ ಕ್ಯಾಂಪರ್ ಟ್ರಕ್ಕಿನಲ್ಲಿ ಅಮೆರಿಕ ಸುತ್ತಿ, 1962ರಲ್ಲಿ ಪುಸ್ತಕ ತಂದರು. ಹೊರಟ ಹೊಸತರಲ್ಲಿ ಅವರೂ ಈ ಕರಾವಳಿಯ ಡಿಯರ್ ಐಲ್ ದ್ವೀಪಕ್ಕೆ ಬಂದಿದ್ದರು. ಚಾರ್ಲಿ ಬೆಳೆದ ನಾಯಿ, ದೇಶ ಪೂರ್ತಿ ಜೊತೆಗೆ ಬಂದ. ಮೂರು ತಿಂಗಳ ಮರಿಯನ್ನು ಕೂರಿಸಿಕೊಂಡು ಹೊರಟಿದ್ದರೆ ಸ್ಟೈನ್‌ಬೆಕ್ ಡಿಯರ್ ಐಲ್‌ನಲ್ಲೇ ಉಳಿದು, ಮೇನ್ ರಾಜ್ಯದ ಬಗ್ಗೆ ಮಾತ್ರ ಬರೆಯಬೇಕಾಗುತ್ತಿತ್ತು. ಅದನ್ನೂ ನಾನು ಓದುತ್ತಿದ್ದೆ.