ಬ್ರೇಕ್ ಹಿಡಿದರೂ ಚಕ್ರ ತಿರುಗುತ್ತಿರಬೇಕು!

ಮಳೆ ಬಂದು ನಿಂತ ರಸ್ತೆ. ಬೈಕಿಗೆ ನಾಯಿ ಅಡ್ಡ ಬರುತ್ತದೆ. ನಾವೆಲ್ಲ ಮಾಡುವುದೊಂದೇ, ಬ್ರೇಕನ್ನು ಗಟ್ಟಿಯಾಗಿ ಅದುಮುವುದು. ಚಕ್ರ ನಿಲ್ಲುತ್ತದೆ, ಬೈಕ್ ನಿಲ್ಲುವುದಿಲ್ಲ! ಉರುಳುವುದು ಬಿಟ್ಟು ಜಾರತೊಡಗಿದ ಚಕ್ರ ಹ್ಯಾಂಡಲ್ ಮಾತು ಕೇಳುವುದಿಲ್ಲ.

ಬ್ರೇಕ್ ಹಿಡಿದಾಗ ಚಕ್ರದ ವೇಗ ಗಾಡಿಯ ವೇಗಕ್ಕಿಂತ ಸುಮಾರು ಶೇ 10ರಿಂದ 20ರಷ್ಟು ಕಡಿಮೆಯಿದ್ದರೆ ಟೈರಿನ ಹಿಡಿತ ಸಾಮಾನ್ಯವಾಗಿ ಅತಿ ಹೆಚ್ಚು. ಎಬಿಎಸ್ ಹುಡುಕುವುದು ಈ ಕಿರಿದಾದ ಜಾಗವನ್ನೇ. ಚಕ್ರದ ಬಳಿಯ ಸೆನ್ಸರ್ ವೇಗ ನೋಡುತ್ತಿರುತ್ತದೆ. ವೇಗ ಥಟ್ಟನೆ ಕುಸಿದರೆ ಬ್ರೇಕ್ ಸಡಿಲ, ಚಕ್ರ ಉರುಳಿದರೆ ಮತ್ತೆ ಬಿಗಿ. ಸೆಕೆಂಡಿಗೆ ಹಲವು ಬಾರಿ ಇದೇ ಆಟ. ಬಾಷ್ ಕಂಪನಿಯ ಎಬಿಎಸ್ 1978ರಲ್ಲೇ ಮರ್ಸಿಡಿಸ್ ಎಸ್‌-ಕ್ಲಾಸ್‌ನಂಥ ಸಿರಿವಂತರ ಕಾರಿಗೆ ಬಂತು. ನಮ್ಮಲ್ಲಿ 125 ಸಿಸಿ ಮೀರಿದ ಎಲ್ಲ ಹೊಸ ಬೈಕ್‌ಗಳಿಗೆ ಕಡ್ಡಾಯವಾಗಲು 2019ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ನೋಡು, ಹೋಲಿಸು, ತಿದ್ದು. ಕಂಟ್ರೋಲ್ ಎಂಜಿನಿಯರಿಂಗ್‌ನ ಜೀವ ಇಷ್ಟೇ. ಬಿಇ ಹುಡುಗರಿಗೆ ಮಾತ್ರ ಇದು ಗ್ರಾಫ್ ಹಾಳೆಯ ಮೇಲೆ ಬೋಡೆ ಪ್ಲಾಟ್ ಎಳೆದು, ಅಂಕ ಗಳಿಸಿ, ಮರೆತುಬಿಡುವ ಪೇಪರ್.

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ಲ? ಎರಡೇ ಚಕ್ರದ ಮೇಲೆ ನೆಟ್ಟಗೆ ನಿಲ್ಲುವ ರೋಬೊ ಮಾಡುವುದೂ ಅದನ್ನೇ. ಈಗ ಎಷ್ಟು ವಾಲಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆ ವಾಲಿದೆ, ಎಷ್ಟು ಜೋರಾಗಿ ಬೀಳುತ್ತಿದೆ – ಮೂರನ್ನೂ ಲೆಕ್ಕ ಹಾಕಿ ತಿದ್ದುವುದೇ ಪಿಐಡಿ. ಹಡಗಿನ ಚುಕ್ಕಾಣಿ ಹಿಡಿಯುವವರನ್ನು ಗಮನಿಸಿ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲೇ ಇದರ ಗಣಿತ ಬರೆದ.

ನಿಜವಾದ ತಲೆನೋವು ತಡದ್ದು. ಗೀಸರ್ ನೀರು ತಣ್ಣಗಿದೆ ಅಂತ ನಲ್ಲಿ ತಿರುಗಿಸುತ್ತೀರಿ. ಬಿಸಿ ಬರುವುದು ತಡವಾಗುತ್ತದೆ, ಇನ್ನಷ್ಟು ತಿರುಗಿಸುತ್ತೀರಿ. ಆಮೇಲೆ ಮೈ ಸುಡುತ್ತದೆ. ಬಚ್ಚಲಲ್ಲಿ ಇದು ತಮಾಷೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ತಾನೇ ಓಡುವ ಕಾರಿನಲ್ಲಿ ಕ್ಯಾಮೆರಾ ಕಂಡದ್ದು ಸ್ಟಿಯರಿಂಗ್‌ಗೆ ತಲುಪಲು 0.1 ಸೆಕೆಂಡ್ ತಡವಾದರೆ, ಕಾರು ಅಷ್ಟರಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. ‘ಎಲ್ಲ ಎಐ ನೋಡಿಕೊಳ್ಳುತ್ತೆ ಬಿಡೋ’ ಎನ್ನುವ ಗೆಳೆಯರನ್ನು ನಾನು ಕೇಳುವುದು ಈ 2 ಮೀಟರ್ ಬಗ್ಗೆಯೇ. ರಸ್ತೆ ಗುರುತಿಸುವುದು ಒಂದು ಕೆಲಸ, ಅಷ್ಟು ತೂಕದ ಗಾಡಿಯನ್ನು ಅದರಲ್ಲಿ ಉಳಿಸುವುದು ಇನ್ನೊಂದು. ಗಾಡಿ ಮುಂದಿನ ಕ್ಷಣ ಎಲ್ಲಿರುತ್ತದೆಂದು ಮೊದಲೇ ಲೆಕ್ಕ ಹಾಕುವ ಮಾಡೆಲ್ ಪ್ರೆಡಿಕ್ಟಿವ್ ಕಂಟ್ರೋಲ್ ಮೇಲೆ ಸಂಶೋಧನೆ ನಡೆಯುತ್ತಿರುವುದು ಇದಕ್ಕಾಗಿಯೇ.

‘ಇದನ್ನು ಓದಿದರೆ ಕೆಲಸ ಸಿಗುತ್ತಾ?’ ಮನೆಯಲ್ಲೂ ಇದೇ ಪ್ರಶ್ನೆ. ಕ್ಯಾಂಪಸ್‌ಗೆ ಬರುವವರಲ್ಲಿ ಸಾಫ್ಟ್‌ವೇರ್ ಕಂಪನಿಗಳೇ ಹೆಚ್ಚು, ಒಪ್ಪೋಣ. ಆದರೆ ಬಾಷ್, ಮರ್ಸಿಡಿಸ್‌ ಬೆಂಜ್‌ನ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಈ ಕ್ಷೇತ್ರಕ್ಕೆ ಸಿ ಭಾಷೆ, ಮ್ಯಾಟ್‌ಲ್ಯಾಬ್–ಸಿಮ್ಯುಲಿಂಕ್, ಲೀನಿಯರ್ ಆಲ್ಜೀಬ್ರಾ ಬೇಕೇ ಬೇಕು. ಗೇಟ್‌ನ ಇಸಿ, ಇಇ, ಇನ್‌ಸ್ಟ್ರುಮೆಂಟೇಶನ್ ಪೇಪರ್‌ಗಳಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಇದೆ. ಮುಂದೆ ಓದಬೇಕೆಂದರೆ ಐಐಟಿ ಬಾಂಬೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ನಾಲ್ಕು ಕಾಲಿನ ‘ಸ್ಟಾಕ್’ ರೋಬೊ ನಡೆದಾಡಿದ್ದು ನಮ್ಮ ಐಐಎಸ್‌ಸಿಯಲ್ಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಒಂದು ಆರ್ಡುಯಿನೊ, ಎರಡು ಮೋಟಾರ್ ಮತ್ತು ಅದರ ಡ್ರೈವರ್, ಬ್ಯಾಟರಿ, ವಾಲುವುದನ್ನು ಅಳೆಯುವ ಎಂಪಿಯು-6050 ಇದ್ದರೆ ಶುರು ಮಾಡಬಹುದು. ಮೊದಲು ಬರೀ ‘ಪಿ’ ಇಟ್ಟು ನೋಡಿ, ರೋಬೊ ಹಿಂದೆ ಮುಂದೆ ತೂಗಾಡಿ ಬೀಳುತ್ತದೆ. ‘ಡಿ’ಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ, ಬೆರಳಿನಿಂದ ತಳ್ಳಿದರೂ ಸಾವರಿಸಿಕೊಂಡು ನಿಲ್ಲುತ್ತದೆ.